ಕೈ ತಿರುಗಿಸಿದಂತೆ ತಿರುಗುವ ಚಿತ್ರ

ಮೂತ್ರಪಿಂಡ ದಾನಕ್ಕೆ ಮುಂದೆ ಬಂದವರ ಹೊಟ್ಟೆಯ ಸಿಟಿ ಸ್ಕ್ಯಾನ್ ಕೈಗೆ ಬಂದ ಕೂಡಲೇ ಶಸ್ತ್ರವೈದ್ಯರು ಒಂದು ಪ್ರಶ್ನೆ ಕೇಳಿಕೊಳ್ಳುತ್ತಾರೆ: ಈ ಮೂತ್ರಪಿಂಡಕ್ಕೆ ರಕ್ತ ತರುವ ನಾಳ ಒಂದೋ, ಎರಡೋ? ಪಠ್ಯಪುಸ್ತಕದ ಚಿತ್ರದಲ್ಲಿ ಒಂದೇ ಇರುತ್ತದೆ. ನಿಜವಾದ ಮನುಷ್ಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಹಾಪಧಮನಿಯಿಂದ ಇನ್ನೊಂದು ಸಣ್ಣ ನಾಳವೂ ಹೊರಟು ಮೂತ್ರಪಿಂಡದ ಮೇಲ್ತುದಿಗೋ ಕೆಳತುದಿಗೋ ಸೇರಿರುತ್ತದೆ. ಅದು ಅಲ್ಲಿದೆ ಎಂದು ಮೊದಲೇ ತಿಳಿಯದೆ ಕತ್ತರಿ ಹಾಕಿದರೆ ದಾನಿಗೆ ರಕ್ತಸ್ರಾವದ ಅಪಾಯ. ಪಡೆದವರ ದೇಹದಲ್ಲಿ ಆ ಮೂತ್ರಪಿಂಡದ ಒಂದು ಭಾಗ ರಕ್ತವಿಲ್ಲದೆ ಸಾಯಬಹುದು.

ನಾನು ಬೆಂಗಳೂರಿನಲ್ಲಿ ಇಂಥ ಸ್ಕ್ಯಾನ್‌ಗಳನ್ನು ಮೂರು ಆಯಾಮಗಳಲ್ಲಿ ಪರದೆಯ ಮೇಲೆ ತೋರಿಸುವ ತಂತ್ರಾಂಶ ಬರೆಯುವ ಕೆಲಸದಲ್ಲಿದ್ದೇನೆ. ಅದನ್ನು ಬಳಸುವ ವೈದ್ಯರ ಪಕ್ಕದಲ್ಲಿ ಸುಮ್ಮನೆ ಕುಳಿತು, ಅವರ ಕೈ ಮೌಸಿನ ಮೇಲೆ ಹೇಗೆ ಓಡುತ್ತದೆ ಎಂದು ಗಮನಿಸುವುದೂ ಈ ಕೆಲಸಕ್ಕೆ ಸೇರಿದ್ದು. ಒಮ್ಮೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ಹಿರಿಯ ಶಸ್ತ್ರವೈದ್ಯೆಯೊಬ್ಬರು ದಾನಿಯ ಎಡ ಮೂತ್ರಪಿಂಡವನ್ನು ಪರದೆಯ ಮೇಲೆ ತಿರುಗಿಸಿ ನೋಡುತ್ತಿದ್ದರು. ಎದುರಿನಿಂದ ನೋಡಿದರೆ ನಾಳ ಒಂದೇ. ಚಿತ್ರವನ್ನು ತುಸು ಎಡಕ್ಕೆ ಹೊರಳಿಸಿದರು, ವಾಪಸು ತಂದರು, ಮತ್ತೆ ಹೊರಳಿಸಿದರು. ಹಾಗೆ ಆಡಿಸುತ್ತಿರುವಾಗ ಮುಖ್ಯ ನಾಳದ ಬೆನ್ನಿಗೆ ಅಂಟಿಕೊಂಡಂತಿದ್ದ ತೆಳುವಾದ ಎಳೆಯೊಂದು ಅದರ ಜೊತೆ ಚಲಿಸದೆ ಹಿಂದೆ ಉಳಿಯಿತು. ಅವರ ಕೈ ಅಲ್ಲೇ ನಿಂತಿತು. “ಇಲ್ಲೊಂದು ಇದೆ” ಎಂದರು. ಆಮೇಲೆ ಅಡ್ಡಸೀಳು ಚಿತ್ರಗಳಲ್ಲಿ ಅದನ್ನು ಒಂದೊಂದಾಗಿ ಹಿಂಬಾಲಿಸಿ, ಕೆಳತುದಿಗೆ ಹೋಗುವ ಎರಡನೆಯ ಅಪಧಮನಿ ಎಂದು ಖಚಿತ ಮಾಡಿಕೊಂಡರು.

ಹತ್ತಿರದ ವಸ್ತು, ದೂರದ ವಸ್ತು ಬೇರೆಬೇರೆ ವೇಗದಲ್ಲಿ ಸರಿಯುವುದನ್ನು ನೋಡಿ ಆಳವನ್ನು ಅಳೆಯುವುದು ನಮ್ಮ ಕಣ್ಣಿಗೆ ಸಹಜವಾಗಿ ಒಲಿದ ವಿದ್ಯೆ. ಚಿತ್ರ ಕೈಗೆ ತಕ್ಷಣ ಓಗೊಟ್ಟರೆ ಮಾತ್ರ ಅದು ಕೆಲಸ ಮಾಡುತ್ತದೆ. ಒಂದೊಂದು ಕೋನಕ್ಕೂ ಅರ್ಧ ನಿಮಿಷ ಕಾಯಬೇಕಿದ್ದರೆ ಆ ವೈದ್ಯೆ ಎದುರಿಂದ, ಹಿಂದಿನಿಂದ, ಪಕ್ಕದಿಂದ ಎಂದು ನಾಲ್ಕಾರು ಚಿತ್ರ ತರಿಸಿಕೊಂಡು ಮುಂದಿನ ರೋಗಿಯ ಕಡೆ ತಿರುಗುತ್ತಿದ್ದರು. ಯಾರೇ ಆಗಲಿ, ಹಾಗೇ ಮಾಡುತ್ತಿದ್ದರು. ನಿಧಾನವಾದ ಚಿತ್ರದಲ್ಲಿ ನಾವು ಮೊದಲೇ ಊಹಿಸಿಕೊಂಡದ್ದನ್ನು ಮಾತ್ರ ಹುಡುಕುತ್ತೇವೆ. ಕೈಯೊಡನೆ ಚಲಿಸುವ ಚಿತ್ರದಲ್ಲಿ, ಇದೆಯೆಂದು ಗೊತ್ತೇ ಇಲ್ಲದ್ದು ಕಣ್ಣಿಗೆ ಬೀಳುತ್ತದೆ. ಇಷ್ಟು ವರ್ಷ ಈ ಕೆಲಸ ಮಾಡಿ ನಾನು ಗಟ್ಟಿಯಾಗಿ ನಂಬಿರುವ ಮಾತು ಇದು. ಕೈಯೊಡನೆ ಚಲಿಸುವ ಈ ಚಿತ್ರವನ್ನು ಸಾಧ್ಯ ಮಾಡಿದ್ದು ಹುಡುಗರು ವಿಡಿಯೊ ಗೇಮ್ ಆಡಲೆಂದು ಕೊಳ್ಳುವ ಗ್ರಾಫಿಕ್ಸ್ ಕಾರ್ಡ್.

ಸಿಟಿ ಯಂತ್ರದಿಂದ ಹೊರಬರುವುದು ಅಂಕಿಗಳ ರಾಶಿ. ದೇಹವನ್ನು ಅಡ್ಡಡ್ಡವಾಗಿ ತೆಳು ಪದರಗಳಾಗಿ ಅಳೆದು, ಒಂದೊಂದು ಪದರವನ್ನೂ 512 ಸಾಲು, 512 ಕಂಬಗಳ ಚೌಕಗಳಾಗಿ ಮಾಡಿ, ಪ್ರತಿ ಚೌಕಕ್ಕೂ ಒಂದು ಸಂಖ್ಯೆ ಬರೆದಿರುತ್ತದೆ. ನೀರಿಗೆ 0, ಗಾಳಿಗೆ ಮೈನಸ್ 1000. ಕೊಬ್ಬಿಗೆ ಮೈನಸ್ 100ರ ಆಸುಪಾಸು, ಸ್ನಾಯುವಿಗೆ 50ರ ಹತ್ತಿರ, ಗಟ್ಟಿ ಮೂಳೆಗೆ 1000ದ ಸುತ್ತಮುತ್ತ. ಈ ಅಳತೆಗೆ ಸಿಟಿ ಯಂತ್ರವನ್ನು ರೂಪಿಸಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಅವರದೇ ಹೆಸರು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿದಾಗ ಸಿಕ್ಕ ಚಿತ್ರದಲ್ಲಿ ಇದ್ದದ್ದು 80 ಸಾಲು, 80 ಕಂಬ. ಇಂದು ಎದೆ, ಹೊಟ್ಟೆ ಸೇರಿದ ಒಂದು ಸ್ಕ್ಯಾನಿನಲ್ಲಿ 600 ಪದರ ಇದ್ದವೆಂದು ಇಟ್ಟುಕೊಂಡರೂ ಸುಮಾರು 15 ಕೋಟಿ 73 ಲಕ್ಷ ಸಂಖ್ಯೆಗಳಾಗುತ್ತವೆ. ಮೂರು ಆಯಾಮದ ಈ ಪುಟ್ಟ ಘನಗಳಿಗೆ ನಮ್ಮ ಕ್ಷೇತ್ರದಲ್ಲಿ ವಾಕ್ಸೆಲ್ ಎನ್ನುತ್ತಾರೆ.

ಈ ರಾಶಿಯಿಂದ ಚಿತ್ರ ಹುಟ್ಟುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಪರದೆಯ ಒಂದೇ ಒಂದು ಪಿಕ್ಸೆಲ್ ತೆಗೆದುಕೊಳ್ಳಿ. ಅದರಿಂದ ಒಂದು ಕಿರಣ ಹೊರಟು ಅಂಕಿಗಳ ರಾಶಿಯನ್ನು ಹೊಕ್ಕಿತು ಎಂದುಕೊಳ್ಳಿ. ಅರ್ಧ ಮಿಲಿಮೀಟರೋ ಒಂದು ಮಿಲಿಮೀಟರೋ ಹೆಜ್ಜೆ ಇಡುತ್ತ, ಪ್ರತಿ ಹೆಜ್ಜೆಯಲ್ಲೂ ‘ಇಲ್ಲಿಯ ಸಂಖ್ಯೆ ಎಷ್ಟು?’ ಎಂದು ಕೇಳುತ್ತ ಅದು ಒಳಗೆ ಹೋಗುತ್ತದೆ. ದೇಹದ ಹೊರಗೆ ಮೈನಸ್ 1000 ಸಿಗುತ್ತದೆ; ಅದು ಗಾಳಿ, ಪೂರ್ತಿ ಪಾರದರ್ಶಕ ಎಂದು ದಾಟುತ್ತದೆ. ಚರ್ಮದಡಿಯ ಕೊಬ್ಬಿನಲ್ಲಿ ಮೈನಸ್ 90 ಸಿಗುತ್ತದೆ. ಅದನ್ನೂ ಪಾರದರ್ಶಕವೆಂದು ನಾವು ಮೊದಲೇ ಹೇಳಿಟ್ಟಿದ್ದರೆ ಅಲ್ಲಿಯೂ ನಿಲ್ಲುವುದಿಲ್ಲ. ಸ್ನಾಯುವಿನಲ್ಲಿ 55; ಸ್ವಲ್ಪವೇ ಕಂದುಗೆಂಪು ಸೇರಿಸಿಕೊಳ್ಳುತ್ತದೆ. ಮುಂದೆ, ನಾಳ ಎದ್ದು ಕಾಣಲೆಂದು ಸ್ಕ್ಯಾನಿನ ವೇಳೆ ಚುಚ್ಚಿದ ಅಯೋಡಿನ್ ಮದ್ದು ಬೆರೆತ ರಕ್ತ ಹರಿಯುವ ನಾಳ ಎದುರಾಗಿ 300 ಎಂಬ ಸಂಖ್ಯೆ ಸಿಕ್ಕಾಗ ಢಾಳಾದ ಕೆಂಪು ಕೂಡಿಕೊಳ್ಳುತ್ತದೆ. ಹೀಗೆ ಬಣ್ಣ, ಅಪಾರದರ್ಶಕತೆ ಎರಡನ್ನೂ ಕೂಡಿಸುತ್ತ ಹೋಗಿ, ‘ಇನ್ನು ಹಿಂದಿನದು ಏನೂ ಕಾಣದು’ ಎನ್ನುವಷ್ಟು ಗಾಢವಾದ ಮೇಲೆ ಕಿರಣ ನಿಲ್ಲುತ್ತದೆ. ಆ ಒಂದು ಪಿಕ್ಸೆಲ್ಲಿನ ಬಣ್ಣ ತೀರ್ಮಾನವಾಯಿತು.

ಈಗ ಲೆಕ್ಕ ಹಾಕಿ. ಪರದೆಯ ಮೇಲೆ ಸಾವಿರಕ್ಕೆ ಸಾವಿರ, ಅಂದರೆ 10 ಲಕ್ಷ ಪಿಕ್ಸೆಲ್. ಒಂದೊಂದು ಕಿರಣಕ್ಕೆ 500 ಹೆಜ್ಜೆ ಎಂದರೆ 50 ಕೋಟಿ ಪ್ರಶ್ನೆ. ಹೆಜ್ಜೆ ಬೀಳುವುದು ಸಾಮಾನ್ಯವಾಗಿ ವಾಕ್ಸೆಲ್‌ಗಳ ನಡುವೆ ಎಲ್ಲೋ ಆದ್ದರಿಂದ, ಸುತ್ತಲಿನ ಎಂಟು ಸಂಖ್ಯೆಗಳನ್ನು ಓದಿ ಹದವಾಗಿ ಸರಾಸರಿ ತೆಗೆಯಬೇಕು. ಅಲ್ಲಿಗೆ 400 ಕೋಟಿ ಓದು. ಇಷ್ಟು ಸೇರಿ ಒಂದು ಚಿತ್ರ. ಕೈಯೊಡನೆ ನಯವಾಗಿ ತಿರುಗಬೇಕಾದರೆ ಸೆಕೆಂಡಿಗೆ ಕನಿಷ್ಠ 30 ಚಿತ್ರ ಬೇಕು. ಅದು 12,000 ಕೋಟಿ ಓದು, ಒಂದೊಂದಕ್ಕೆ ಎರಡು ಬೈಟಿನಂತೆ ಸೆಕೆಂಡಿಗೆ 240 ಗಿಗಾಬೈಟ್. ಮನೆಯ ಕಂಪ್ಯೂಟರಿನ ಡಿಡಿಆರ್4 ಮೆಮೊರಿಯಿಂದ ಸಿಪಿಯುಗೆ ಸೆಕೆಂಡಿಗೆ ಸುಮಾರು 50 ಗಿಗಾಬೈಟ್ ಹರಿಯಬಲ್ಲದು. ಮಧ್ಯಮ ದರದ ಗೇಮಿಂಗ್ ಕಾರ್ಡ್ ಆದ ಆರ್‌ಟಿಎಕ್ಸ್ 3060ರ 12 ಗಿಗಾಬೈಟ್ ಮಾದರಿಯಲ್ಲಿ ಅದೇ ಹರಿವು 360 ಗಿಗಾಬೈಟ್. ಒಮ್ಮೆ ಓದಿದ್ದನ್ನು ಪಕ್ಕದಲ್ಲೇ ಇಟ್ಟುಕೊಳ್ಳುವುದು, ಖಾಲಿ ಜಾಗವನ್ನು ಹಾರಿ ಹೋಗುವುದು ಮುಂತಾದ ಉಪಾಯಗಳಿಂದ ನಿಜವಾದ ಹೊರೆ ಎರಡೂ ಕಡೆ ಕಡಿಮೆಯಾಗುತ್ತದೆ. ಆದರೂ ಅಂತರ ಎಲ್ಲಿದೆ ಎಂಬುದು ಈ ಸರಳ ಲೆಕ್ಕದಲ್ಲೇ ಕಾಣುತ್ತದೆ.

ಇನ್ನೊಂದು ಅಂತರ ಕೆಲಸ ಹಂಚಿಕೊಳ್ಳುವ ರೀತಿಯಲ್ಲಿದೆ. ನಾನು ಮಂಡ್ಯ ಜಿಲ್ಲೆಯವನು. ಗದ್ದೆಯಲ್ಲಿ ನಾಟಿ ಹಾಕುವ ಹೆಂಗಸರ ಸಾಲು ನೋಡಿದವರಿಗೆ ಗ್ರಾಫಿಕ್ಸ್ ಕಾರ್ಡಿನ ಒಳಗಿನ ವ್ಯವಸ್ಥೆ ಅರ್ಥವಾಗುವುದು ಕಷ್ಟವಲ್ಲ. ಎಲ್ಲರೂ ಸಾಲಾಗಿ ಬಗ್ಗಿ, ತಮ್ಮ ತಮ್ಮ ಪಾಲಿನ ಜಾಗದಲ್ಲಿ ಪೈರು ನೆಟ್ಟು, ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಪಕ್ಕದವರನ್ನು ಏನೂ ಕೇಳಬೇಕಿಲ್ಲ, ಹೇಳಬೇಕಿಲ್ಲ. ಕೆಲಸ ಎಲ್ಲರದೂ ಒಂದೇ, ನೆಲ ಮಾತ್ರ ಬೇರೆ. ಆರ್‌ಟಿಎಕ್ಸ್ 3060ರಲ್ಲಿ ಇಂಥ 3,584 ಪುಟ್ಟ ಲೆಕ್ಕಿಗರಿದ್ದಾರೆ. ಒಂದೊಂದು ಸಾಲಿಗೆ 32 ಜನ. 32 ಪಿಕ್ಸೆಲ್‌ಗಳ ಕಿರಣಗಳು ಒಟ್ಟಿಗೆ ಹೆಜ್ಜೆ ಇಡುತ್ತವೆ. ಸಾಲಿನಲ್ಲಿ ಒಬ್ಬರ ಪಾಲಿಗೆ ಗಟ್ಟಿ ನೆಲ ಬಂದರೆ ಉಳಿದವರು ಕಾಯಬೇಕಲ್ಲ, ಇಲ್ಲೂ ಹಾಗೆಯೇ. ಒಂದು ಕಿರಣ ಪಕ್ಕೆಲುಬಿಗೆ ತಾಗಿ ಬೇಗ ಮುಗಿದು, ಪಕ್ಕದ್ದು ಎರಡು ಎಲುಬುಗಳ ನಡುವೆ ತೂರಿ ಶ್ವಾಸಕೋಶದ ಆಳಕ್ಕೆ ಇಳಿದರೆ, ಮುಗಿದದ್ದು ಸುಮ್ಮನೆ ನಿಂತಿರುತ್ತದೆ. ಆದ್ದರಿಂದ ಪರದೆಯ ಮೇಲೆ ಅಕ್ಕಪಕ್ಕ ಇರುವ, ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಹೋಗುವ ಕಿರಣಗಳನ್ನೇ ಒಂದು ಸಾಲಿಗೆ ಹಾಕುತ್ತೇವೆ. ನನ್ನ ಕೆಲಸದ ದೊಡ್ಡ ಪಾಲು ಇಂಥ ಹೊಂದಾಣಿಕೆಗಳೇ.

ಸಿಪಿಯು ಕಡಿಮೆಯದೆಂದು ಇದರ ಅರ್ಥವಲ್ಲ. ಒಂದರ ಉತ್ತರದ ಮೇಲೆ ಇನ್ನೊಂದು ನಿಂತಿರುವ, ಪ್ರತಿ ಹೆಜ್ಜೆಗೂ ‘ಹೀಗಾದರೆ ಹಾಗೆ’ ಎಂದು ದಾರಿ ಬದಲಿಸುವ ಕೆಲಸಕ್ಕೆ ಅದೇ ಸರಿ. ಹತ್ತು ಲಕ್ಷ ಕಿರಣಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಡೆಯುವ ಕೆಲಸ ಬಂದಾಗ ಮಾತ್ರ ಗ್ರಾಫಿಕ್ಸ್ ಕಾರ್ಡಿಗೆ ಸಾಟಿಯಿಲ್ಲ.

ಕಿರಣ ಕಳಿಸಿ ಚಿತ್ರ ಕಟ್ಟುವ ವಿಧಾನ ಗ್ರಾಫಿಕ್ಸ್ ಕಾರ್ಡಿಗಿಂತ ಹಳೆಯದು. ಅದಕ್ಕೂ ತುಸು ಮೊದಲು, 1987ರಲ್ಲಿ, ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ವಿಲಿಯಂ ಲಾರೆನ್ಸೆನ್, ಹಾರ್ವೆ ಕ್ಲೈನ್ ಇಬ್ಬರೂ ‘ಮಾರ್ಚಿಂಗ್ ಕ್ಯೂಬ್ಸ್’ ಎಂಬ ವಿಧಾನ ಪ್ರಕಟಿಸಿದರು. ‘ಇಷ್ಟು ಸಂಖ್ಯೆಗಿಂತ ಮೇಲಿನದು ಮೂಳೆ’ ಎಂದು ಒಂದು ಗಡಿ ಹಾಕಿ, ಆ ಗಡಿಯ ಉದ್ದಕ್ಕೂ ಪುಟ್ಟ ತ್ರಿಕೋನಗಳ ಹೊದಿಕೆ ಹೆಣೆಯುವ ವಿಧಾನ ಅದು. ಮೂಳೆಗೆ ಅದು ಚೆನ್ನ. ಆದರೆ ತೆಳುವಾದ ರಕ್ತನಾಳದ ಅಂಚಿನಲ್ಲಿ ಒಂದೇ ವಾಕ್ಸೆಲ್ಲಿನೊಳಗೆ ಅರ್ಧ ರಕ್ತ, ಅರ್ಧ ಕೊಬ್ಬು ಇರುತ್ತದೆ. ಗಡಿಯ ಒಳಗೋ ಹೊರಗೋ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರೆ ನಾಳವೇ ತುಂಡುತುಂಡಾಗುತ್ತದೆ. ಮರುವರ್ಷ, 1988ರಲ್ಲಿ, ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಲೆವಾಯ್ ಗಡಿಯನ್ನೇ ಕೈಬಿಟ್ಟು, ಪ್ರತಿ ವಾಕ್ಸೆಲ್ಲಿಗೂ ಅದರ ಪಾಲಿನ ಬಣ್ಣ, ಪಾರದರ್ಶಕತೆ ಕೊಟ್ಟು ಕಿರಣಗಳಿಂದ ಕೂಡಿಸುವ ದಾರಿ ತೋರಿಸಿದರು. ಅದೇ ವರ್ಷ ಪಿಕ್ಸಾರ್‌ನ ರಾಬರ್ಟ್ ಡ್ರೆಬಿನ್, ಲೋರೆನ್ ಕಾರ್ಪೆಂಟರ್, ಪ್ಯಾಟ್ ಹ್ಯಾನ್ರಹನ್ ಹತ್ತಿರಹತ್ತಿರ ಇದೇ ವಿಚಾರ ಮಂಡಿಸಿದರು. ಹೌದು, ಆಮೇಲೆ ‘ಟಾಯ್ ಸ್ಟೋರಿ’ ಮಾಡಿದ ಪಿಕ್ಸಾರೇ. ಆ ಕಾಲಕ್ಕೆ ಅದು ‘ಪಿಕ್ಸಾರ್ ಇಮೇಜ್ ಕಂಪ್ಯೂಟರ್’ ಎಂಬ ಯಂತ್ರ ಮಾರುತ್ತಿತ್ತು. ಆಸ್ಪತ್ರೆಗಳು ಅದನ್ನು ಕೊಳ್ಳುತ್ತವೆ ಎಂಬ ನಿರೀಕ್ಷೆ ಇಟ್ಟುಕೊಂಡಿತ್ತು.

ಚಿತ್ರ ಅದ್ಭುತವಾಗಿ ಬಂತು, ಆದರೆ ಒಂದು ಚಿತ್ರಕ್ಕಾಗಿ ಯಂತ್ರದ ಮುಂದೆ ಕಾಯುತ್ತ ಕೂರಬೇಕಿತ್ತು. ತಿರುಗಿಸುವ ಮಾತೇ ಇರಲಿಲ್ಲ. ಬೇರೆಬೇರೆ ಕೋನದ ಚಿತ್ರಗಳನ್ನು ಮೊದಲೇ ಮಾಡಿಟ್ಟು, ಸಿನಿಮಾದಂತೆ ಓಡಿಸಿ ತೋರಿಸುತ್ತಿದ್ದರು. ನೋಡುವವರ ಕೈಗೆ ಅದರ ಮೇಲೆ ಹಿಡಿತವಿರಲಿಲ್ಲ.

ತಿರುವು ಬಂದದ್ದು 1994ರಲ್ಲಿ. ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯ ಬ್ರಯನ್ ಕಾಬ್ರಲ್, ನ್ಯಾನ್ಸಿ ಕ್ಯಾಮ್, ಜಿಮ್ ಫೋರನ್ ತಮ್ಮ ‘ರಿಯಾಲಿಟಿ ಎಂಜಿನ್’ ಯಂತ್ರದಲ್ಲಿ ಒಂದು ಅಂಶ ಗಮನಿಸಿದರು. ಗೋಡೆಗೆ ಇಟ್ಟಿಗೆಯ ಚಿತ್ರ, ನೆಲಕ್ಕೆ ಹುಲ್ಲಿನ ಚಿತ್ರ ಅಂಟಿಸಲೆಂದು ಆ ಯಂತ್ರದಲ್ಲಿ ಟೆಕ್ಸ್ಚರ್ ಮಂಡಲಗಳಿದ್ದವು. ಅಂಟಿಸುವಾಗ ಸುತ್ತಲಿನ ಬಿಂದುಗಳನ್ನು ಓದಿ ಹದವಾಗಿ ಬೆರೆಸುವುದು ಅವುಗಳ ಕೆಲಸ, ಅದೂ ಯಂತ್ರಾಂಶದಲ್ಲೇ ಕೆತ್ತಿದ್ದು. ಕಿರಣದ ಪ್ರತಿ ಹೆಜ್ಜೆಯಲ್ಲಿ ನಮಗೆ ಬೇಕಾದ ‘ಎಂಟು ಓದು, ಒಂದು ಸರಾಸರಿ’ ಇದೇ ತಾನೆ! ಇಡೀ ಸ್ಕ್ಯಾನನ್ನು ಮೂರು ಆಯಾಮದ ಟೆಕ್ಸ್ಚರ್ ಎಂದು ಯಂತ್ರಕ್ಕೆ ಕೊಟ್ಟು, ಅದನ್ನು ಹಾಳೆಹಾಳೆಯಾಗಿ ಸೀಳಿ, ಹಿಂದಿನಿಂದ ಮುಂದಕ್ಕೆ ಒಂದರ ಮೇಲೊಂದು ಬಳಿದರು. ಚಿತ್ರ ಕೈಗೆ ತಿರುಗತೊಡಗಿತು. ಇಟ್ಟಿಗೆ ಬಳಿಯಲು ಮಾಡಿದ ಸಲಕರಣೆ ದೇಹದೊಳಗೆ ನೋಡುವ ಸಲಕರಣೆಯಾಯಿತು. ನನ್ನ ಕ್ಷೇತ್ರದ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟ ಇದು. ಇನ್ನೊಬ್ಬರು ಬೇರೆ ಉದ್ದೇಶಕ್ಕೆ ಮಾಡಿದ್ದರಲ್ಲಿ ತಮಗೆ ಬೇಕಾದ್ದನ್ನು ಕಂಡುಕೊಳ್ಳುವ ಆ ಕಣ್ಣನ್ನು ನಾನು ಯಾವ ಹೊಸ ಆವಿಷ್ಕಾರಕ್ಕಿಂತಲೂ ಕಡಿಮೆ ಎಂದು ಎಣಿಸಲಾರೆ.

ಆದರೆ ರಿಯಾಲಿಟಿ ಎಂಜಿನ್ ದೊಡ್ಡ ಕಪಾಟಿನ ಗಾತ್ರದ್ದು, ಬೆಲೆಯೂ ಅದಕ್ಕೆ ತಕ್ಕದ್ದು. ಸಾಮಾನ್ಯ ಆಸ್ಪತ್ರೆಗೆ ನಿಲುಕುವಂಥದ್ದಲ್ಲ. ಅದನ್ನು ಅಗ್ಗ ಮಾಡಿದವರು ಗೇಮ್ ಆಡುವ ಹುಡುಗರು. 1996ರ ಹೊತ್ತಿಗೆ ಮನೆ ಕಂಪ್ಯೂಟರಿಗೆ ಸಿಕ್ಕಿಸುವ ಮೂರು ಆಯಾಮದ ಕಾರ್ಡ್‌ಗಳು ಅಂಗಡಿಗೆ ಬಂದವು. 1999ರಲ್ಲಿ ಎನ್ವಿಡಿಯಾ ಜಿಫೋರ್ಸ್ 256 ಬಿಡುಗಡೆ ಮಾಡಿ ಅದನ್ನು ಜಿಪಿಯು ಎಂದು ಕರೆಯಿತು. 2001ರ ಜಿಫೋರ್ಸ್ 3ರಿಂದ ಕಾರ್ಡಿನೊಳಗೆ ನಮ್ಮದೇ ಪುಟ್ಟ ಪ್ರೋಗ್ರಾಂ ಓಡಿಸುವ ಅವಕಾಶ ತೆರೆಯಿತು. 2003ರಲ್ಲಿ ಮ್ಯೂನಿಕ್‌ನ ಜೆನ್ಸ್ ಕ್ರೂಗರ್ ಮತ್ತು ರ್‍ಯೂಡಿಗರ್ ವೆಸ್ಟರ್‌ಮನ್ ಹಾಳೆ ಬಳಿಯುವ ಸುತ್ತುದಾರಿ ಬಿಟ್ಟು, ಲೆವಾಯ್ ಹೇಳಿದ್ದ ಕಿರಣವನ್ನೇ ಕಾರ್ಡಿನೊಳಗೆ ನಡೆಸಿದರು. ಖಾಲಿ ಜಾಗ ಹಾರುವುದನ್ನೂ, ಗಾಢವಾದ ಮೇಲೆ ನಿಲ್ಲುವುದನ್ನೂ ಅದಕ್ಕೆ ಕಲಿಸಿದರು. 2007ರಲ್ಲಿ ಎನ್ವಿಡಿಯಾದ ಕುಡಾ ಎಂಬ ಪ್ರೋಗ್ರಾಂ ಬರೆಯುವ ವ್ಯವಸ್ಥೆ ಕೈಗೆ ಸಿಕ್ಕ ಮೇಲಂತೂ ಚಿತ್ರದ ವೇಷ ಹಾಕದೆ ಯಾವ ಲೆಕ್ಕವನ್ನಾದರೂ ಕಾರ್ಡಿಗೆ ಕೊಡುವಂತಾಯಿತು. ಸಿಲಿಕಾನ್ ಗ್ರಾಫಿಕ್ಸ್ ಅಷ್ಟರಲ್ಲಿ ಸೊರಗಿ, 2009ರಲ್ಲಿ ಎರಡನೆಯ ಬಾರಿ ದಿವಾಳಿ ಅರ್ಜಿ ಹಾಕಿತು. ಕ್ಯಾಲಿಫೋರ್ನಿಯಾದಲ್ಲಿ ಅದು ಕಟ್ಟಿಸಿಕೊಂಡಿದ್ದ ಆವರಣವೇ ಇಂದು ಗೂಗಲ್‌ನ ಮುಖ್ಯ ಕಚೇರಿ.

ವಿಜ್ಞಾನಿಗಳು ಮಾತ್ರ ಕೊಳ್ಳುವ ವಸ್ತುವಾಗಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ ಈ ಬೆಲೆ, ಈ ವೇಗ ಎಂದೂ ಬರುತ್ತಿರಲಿಲ್ಲ. ಮನೆಯಲ್ಲಿ ಗೇಮ್ ಆಡುವ ಮಕ್ಕಳನ್ನು ಗದರುವ ತಂದೆತಾಯಿಯರಿಗೆ ಇದೊಂದು ಸಂಗತಿ ತಿಳಿದಿರಲಿ ಎಂದು ನನಗೆ ಮನಃಪೂರ್ವಕ ಅನಿಸುತ್ತದೆ.

ಇಷ್ಟು ಹೊಗಳಿದ ಮೇಲೆ ಎಚ್ಚರಿಕೆಯ ಮಾತೂ ಹೇಳಬೇಕು. ಯಾವ ಸಂಖ್ಯೆಗೆ ಯಾವ ಬಣ್ಣ, ಎಷ್ಟು ಪಾರದರ್ಶಕತೆ ಎಂದು ಹೇಳುವ ಪಟ್ಟಿಗೆ ಟ್ರಾನ್ಸ್‌ಫರ್ ಫಂಕ್ಷನ್ ಎನ್ನುತ್ತೇವೆ. ಪರದೆಯ ಮೂಲೆಯಲ್ಲಿ ಅದು ಒಂದು ವಕ್ರರೇಖೆಯಾಗಿ ಇರುತ್ತದೆ, ಎಳೆದರೆ ಸರಿಯುತ್ತದೆ. ಸ್ವಲ್ಪ ಬಲಕ್ಕೆ ಎಳೆಯಿರಿ, ಚರ್ಮ ಮಾಯ. ಇನ್ನೂ ಎಳೆಯಿರಿ, ಸ್ನಾಯು ಮಾಯ. ಮತ್ತೂ ಎಳೆದರೆ ನಾಳಗಳೂ ಹೋಗಿ ಮೂಳೆ ಮಾತ್ರ ಉಳಿಯುತ್ತದೆ. ನೋಡಲು ಬಲು ಸೊಗಸು. ಅಪಾಯವೂ ಇಲ್ಲೇ ಇದೆ. ಅಯೋಡಿನ್ ಬೆರೆತ ರಕ್ತದ ಸಂಖ್ಯೆ 200ರಿಂದ 400ರ ನಡುವೆ ಇರುತ್ತದೆ; ಬೆನ್ನೆಲುಬಿನ ಒಳಗಿನ ಸ್ಪಂಜಿನಂಥ ಮೂಳೆಯ ಸಂಖ್ಯೆಯೂ ಅದರ ಆಸುಪಾಸಿಗೇ ಬರುತ್ತದೆ. ಎರಡಕ್ಕೂ ಒಂದೇ ಸಂಖ್ಯೆ ಸಿಕ್ಕಾಗ ಕಿರಣಕ್ಕೆ ವ್ಯತ್ಯಾಸ ಗೊತ್ತಾಗದು, ಎರಡಕ್ಕೂ ಒಂದೇ ಕೆಂಪು ಬಳಿಯುತ್ತದೆ. ಇನ್ನು ತೀರ ತೆಳುವಾದ ನಾಳದಲ್ಲಿ ಅಂಚಿನ ಕೊಬ್ಬಿನ ಜೊತೆ ಬೆರೆತು ಸಂಖ್ಯೆ 150ಕ್ಕೆ ಇಳಿದಿರಬಹುದು. ವಕ್ರರೇಖೆಯನ್ನು 180ಕ್ಕೆ ನಿಲ್ಲಿಸಿದವರಿಗೆ ಆ ನಾಳ ಇಲ್ಲವೇ ಇಲ್ಲ. ಕಿರಣದ ಹೆಜ್ಜೆ ದೊಡ್ಡದಾದರೂ ಇದೇ ಕಥೆ: ನಾಳದ ದಪ್ಪಕ್ಕಿಂತ ಹೆಜ್ಜೆ ದೊಡ್ಡದಿದ್ದರೆ ಕಿರಣ ಅದನ್ನು ದಾಟಿಯೇ ಹೋಗಿಬಿಡುತ್ತದೆ.

ನಮ್ಮಂಥ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಕೈ ಚಲಿಸುತ್ತಿರುವಾಗ ಹೆಜ್ಜೆಯನ್ನು ದೊಡ್ಡದು ಮಾಡಿ ವೇಗ ಉಳಿಸಿಕೊಳ್ಳುತ್ತೇವೆ, ಕೈ ನಿಂತ ಕ್ಷಣ ಹೆಜ್ಜೆ ಕಿರಿದು ಮಾಡಿ ಚಿತ್ರವನ್ನು ತಿದ್ದುತ್ತೇವೆ. ಚಲಿಸುವಾಗ ಕಂಡದ್ದು ಒರಟು ಚಿತ್ರ ಎಂಬುದು ನೋಡುವವರಿಗೆ ಗೊತ್ತಿರಬೇಕು. ಮೈಸೂರಿನ ಆ ವೈದ್ಯೆ ಮೂರು ಆಯಾಮದಲ್ಲಿ ಕಂಡದ್ದನ್ನು ಅಡ್ಡಸೀಳಿನಲ್ಲಿ ಮತ್ತೆ ಹುಡುಕಿದ್ದು ಇದಕ್ಕಾಗಿಯೇ. ತಿರುಗುವ ಚಿತ್ರ ಇರುವುದು ಕಂಡುಹಿಡಿಯಲು. ಖಚಿತಪಡಿಸಿಕೊಳ್ಳಲು ಮೂಲ ಅಂಕಿಗಳ ಬಳಿಗೇ ಹೋಗಬೇಕು. ಬಣ್ಣದ ಚಿತ್ರವನ್ನೇ ಸಾಕ್ಷ್ಯವೆಂದು ಮುಂದಿಡುವ ಯಾವ ವಿಜ್ಞಾನ ವರದಿಯನ್ನೂ ನಾನು ಅರೆಮನಸ್ಸಿನಿಂದಲೇ ಓದುತ್ತೇನೆ.

ಆಸ್ಪತ್ರೆಯ ಹೊರಗೆ ಈ ವಿದ್ಯೆ ಮಾಡಿದ ಕೆಲಸಗಳಲ್ಲಿ ಎರಡನ್ನು ಹೇಳುತ್ತೇನೆ. ಬ್ರಿಟಿಷ್ ಮ್ಯೂಸಿಯಂನಲ್ಲಿ ಈಜಿಪ್ಟಿನ ಗೆಬೆಲೈನ್ ಎಂಬಲ್ಲಿ ಸಿಕ್ಕ, ಸುಮಾರು 5,500 ವರ್ಷ ಹಿಂದಿನ ಯುವಕನೊಬ್ಬನ ದೇಹವಿದೆ. ಬಿಸಿ ಮರಳಿನಲ್ಲಿ ತಾನಾಗಿಯೇ ಒಣಗಿ ಉಳಿದದ್ದು. ಅದನ್ನು ಸಿಟಿ ಸ್ಕ್ಯಾನ್ ಮಾಡಿಸಿ, 2012ರಲ್ಲಿ ಸ್ವೀಡನ್ನಿನ ತಂತ್ರಜ್ಞರು ರೂಪಿಸಿದ ಸ್ಪರ್ಶಮೇಜಿನ ಮೇಲೆ ಸಾರ್ವಜನಿಕರಿಗೆ ತೆರೆದಿಟ್ಟರು. ಬೆರಳು ಸರಿಸಿದರೆ ಚರ್ಮ ಸರಿದು ಸ್ನಾಯು, ಸ್ನಾಯು ಸರಿದು ಮೂಳೆ. ಎಡ ಭುಜದ ಹಲಗೆಮೂಳೆಯ ಕೆಳಗೆ ಇರಿತದ ಗುರುತು, ಅದರಡಿಯ ಪಕ್ಕೆಲುಬು ಚೂರಾಗಿರುವುದು ಕಂಡಿತು. ಬೆನ್ನ ಹಿಂದಿನಿಂದ ಇರಿದು ಕೊಂದದ್ದು. ಆ ದೇಹ ನೂರಕ್ಕೂ ಹೆಚ್ಚು ವರ್ಷದಿಂದ ಮ್ಯೂಸಿಯಂನಲ್ಲಿ ಜನರ ಕಣ್ಣೆದುರೇ ಇತ್ತು. ಒಂದು ಕೂದಲೂ ಅಲುಗದಂತೆ ಕೊಲೆ ಬಯಲಾಯಿತು.

ಇನ್ನೊಂದು ನಮ್ಮ ಬೆಂಗಳೂರಿನದು. ಮುಂಗಾರಿನಲ್ಲಿ ಅರಬ್ಬಿ ಸಮುದ್ರದ ಉಪ್ಪು ಹೆಚ್ಚಿರುವ ನೀರು ಶ್ರೀಲಂಕಾದ ದಕ್ಷಿಣವನ್ನು ಸುತ್ತಿ ಬಂಗಾಳ ಕೊಲ್ಲಿಯೊಳಗೆ ಹರಿಯುತ್ತದೆ. ಕೊಲ್ಲಿಯ ಮೇಲ್ಪದರದಲ್ಲಿ ಗಂಗಾ, ಬ್ರಹ್ಮಪುತ್ರ, ಮಹಾನದಿ, ಐರಾವತಿಗಳು ತಂದು ಸುರಿದ ಸಿಹಿನೀರು ಇರುವುದರಿಂದ, ಭಾರವಾದ ಉಪ್ಪುನೀರು ಅದರಡಿಗೆ ಇಳಿದು ಸಾಗುತ್ತದೆ. ಕೊಲ್ಲಿಯ ಶಾಖ, ಅದರಿಂದ ನಮ್ಮ ಮಳೆ, ಈ ಪದರಗಳ ಮೇಲೆ ನಿಂತಿದೆ. ಮೇಲಿಂದ ತೆಗೆದ ಉಪಗ್ರಹ ಚಿತ್ರದಲ್ಲಿ ಆಳದ ಈ ಹರಿವು ಕಾಣದು. ಭೂಪಟದಂಥ ಚಪ್ಪಟೆ ಚಿತ್ರದಲ್ಲಿ ಒಂದು ಆಳ ಮಾತ್ರ ಕಂಡೀತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಾಗರ ವಿಜ್ಞಾನಿ ಪಿ.ಎನ್. ವಿನಯಚಂದ್ರನ್ ಮತ್ತು ಕಂಪ್ಯೂಟರ್ ವಿಜ್ಞಾನಿ ವಿಜಯ್ ನಟರಾಜನ್ ತಮ್ಮ ತಂಡಗಳೊಡನೆ ಸೇರಿ, ಉಪ್ಪುನೀರಿನ ಈ ತಿರುಳನ್ನು ಮೂರು ಆಯಾಮದಲ್ಲಿ, ದಿನದಿಂದ ದಿನಕ್ಕೆ ಹಿಂಬಾಲಿಸುವ ವಿಧಾನಗಳನ್ನು ರೂಪಿಸಿದ್ದಾರೆ. ಅದರ ಮುಂದುವರಿಕೆಯಾಗಿ ‘ಪೈಪ್ಯಾರಾಓಶನ್’ ಎಂಬ ಸಲಕರಣೆಯೂ ಬಂದಿದೆ. ಪ್ಯಾರಾವ್ಯೂ ಎಂಬ ಉಚಿತ ತಂತ್ರಾಂಶದೊಳಗೆ ಅದು ಕೂರುತ್ತದೆ. ಸಿಟಿ ಸ್ಕ್ಯಾನಿನ ಕಿರಣಕ್ಕೆ ಹೌನ್ಸ್‌ಫೀಲ್ಡ್ ಸಂಖ್ಯೆ ಎದುರಾಗುವಲ್ಲಿ ಇಲ್ಲಿ ಉಪ್ಪಿನಂಶ, ಉಷ್ಣತೆ. ಕಿರಣ ಅದೇ, ಕಾರ್ಡ್ ಅದೇ.

ಮುಂದಿನ ದಾರಿ ಎತ್ತ ಹೋಗುತ್ತಿದೆ ಎಂಬುದೂ ಈಗ ಸ್ಪಷ್ಟವಾಗಿದೆ. ಅಮೆರಿಕದ ಓಕ್ ರಿಡ್ಜ್‌ನಲ್ಲಿ 2022ರಲ್ಲಿ ಮೊದಲಿಗೆ ಎಕ್ಸಾ ಎಂಬ ಲೆಕ್ಕವೇಗದ ಮಟ್ಟ ಮುಟ್ಟಿದ ಫ್ರಾಂಟಿಯರ್ ಮಹಾಗಣಕದಲ್ಲಿ 37,000ಕ್ಕೂ ಹೆಚ್ಚು ಜಿಪಿಯುಗಳಿವೆ. ಅಲ್ಲಿ ಹುಟ್ಟುವ ಅಂಕಿಗಳನ್ನೆಲ್ಲ ಡಿಸ್ಕಿಗೆ ಬರೆದು, ಆಮೇಲೆ ಓದಿ, ಚಿತ್ರ ಬಿಡಿಸೋಣ ಎನ್ನುವ ಹಾಗಿಲ್ಲ. ಲೆಕ್ಕ ಮಾಡುವ ವೇಗಕ್ಕೆ ಬರೆಯುವ ವೇಗ ಸರಿಗಟ್ಟುವುದಿಲ್ಲ. ಹಾಗಾಗಿ ಅಂಕಿ ಯಾವ ಕಾರ್ಡಿನ ಮೆಮೊರಿಯಲ್ಲಿ ಹುಟ್ಟಿತೋ ಅಲ್ಲೇ, ಅದು ಅಳಿಯುವ ಮೊದಲೇ ಚಿತ್ರ ಮಾಡಿಬಿಡುತ್ತಾರೆ. ಮನುಷ್ಯರನ್ನು ಹೊತ್ತ ಭಾರದ ನೌಕೆ ಮಂಗಳದಲ್ಲಿ ಇಳಿಯುವುದನ್ನು ನಾಸಾ ಮಹಾಗಣಕದಲ್ಲಿ ಅನುಕರಿಸಿ ನೋಡಿದಾಗ ಹುಟ್ಟಿದ ದತ್ತಾಂಶವನ್ನು 2019ರಲ್ಲಿ ಪರದೆಯ ಮೇಲೆ ಕೈಯಾರೆ ತಿರುಗಿಸಿ ತೋರಿಸಿದರು; ಅದರ ಗಾತ್ರ ಸುಮಾರು 150 ಟೆರಾಬೈಟ್. ಮಂಗಳದ ತೆಳು ಗಾಳಿಯಲ್ಲಿ ಅಷ್ಟು ಭಾರಕ್ಕೆ ಪ್ಯಾರಾಚೂಟ್ ಸಾಲದು, ಎಂಜಿನ್ನನ್ನೇ ಎದುರು ಉರಿಸಿ ವೇಗ ಇಳಿಸಬೇಕು. ಆ ಜ್ವಾಲೆಯ ಸುತ್ತ ಗಾಳಿ ಹೇಗೆ ಸುಳಿಯುತ್ತದೆ ಎಂದು ಎಂಜಿನಿಯರುಗಳು ಎಲ್ಲ ಕಡೆಯಿಂದಲೂ ನೋಡಬೇಕಿತ್ತು. ನಮ್ಮ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ 3.3 ಪೆಟಾಫ್ಲಾಪ್ ಸಾಮರ್ಥ್ಯದ ‘ಪರಮ್ ಪ್ರವೇಗ’ದಲ್ಲೂ ಜಿಪಿಯು ಇರುವ ಘಟಕಗಳಿವೆ.

ಆದರೆ ಕೈಯೊಡನೆ ತಿರುಗುವ ಚಿತ್ರ ನೋಡಲು ಮಹಾಗಣಕ ಬೇಕಿಲ್ಲ. ನಮ್ಮ ಕಾಲೇಜುಗಳ ವಿಜ್ಞಾನ ವಿಭಾಗದವರಲ್ಲಿ ನನ್ನ ವಿನಂತಿ ಇಷ್ಟೆ. ‘3ಡಿ ಸ್ಲೈಸರ್’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ರೋಗಿಗಳ ಚಿಕಿತ್ಸೆಗೆ ಬಳಸುವಂತಿಲ್ಲ, ಕಲಿಯಲು ಮತ್ತು ಸಂಶೋಧನೆಗೆ ಧಾರಾಳವಾಗಿ ಬಳಸಬಹುದು. ಅದರ ಮಾದರಿ ದತ್ತಾಂಶಗಳಲ್ಲಿ ಎದೆಯ ಸಿಟಿ ಸ್ಕ್ಯಾನ್ ಇದೆ. ಅದನ್ನು ತೆರೆದು, ವಾಲ್ಯೂಮ್ ರೆಂಡರಿಂಗ್ ವಿಭಾಗಕ್ಕೆ ಹೋಗಿ. ಅಲ್ಲಿ ಸಿಪಿಯು, ಜಿಪಿಯು ಎಂಬ ಆಯ್ಕೆಗಳು ಸಿಗುತ್ತವೆ. ಮೊದಲು ಸಿಪಿಯು ಹಾಕಿ ಎದೆಗೂಡನ್ನು ತಿರುಗಿಸಿ, ಆಮೇಲೆ ಜಿಪಿಯು ಹಾಕಿ ತಿರುಗಿಸಿ. ಟ್ರಾನ್ಸ್‌ಫರ್ ಫಂಕ್ಷನ್ ಸರಿಸುವ ಪಟ್ಟಿಯೂ ಅಲ್ಲೇ ಇದೆ. ಏನೇನು ಮಾಯವಾಗುತ್ತದೆ, ಏನೇನು ಮೂಡುತ್ತದೆ ಎಂದು ವಿದ್ಯಾರ್ಥಿಗಳೇ ಎಳೆದು ನೋಡಲಿ. ಸಾಧಾರಣ ಗೇಮಿಂಗ್ ಲ್ಯಾಪ್‌ಟಾಪ್ ಒಂದಿದ್ದರೆ ಸಾಕು, ತರಗತಿಯಲ್ಲಿ ಯಾರ ಬಳಿಯಾದರೂ ಅದು ಇದ್ದೇ ಇರುತ್ತದೆ.

ಓದುಗರಿಗೂ ಒಂದು ಮಾತು. ನೀವಾಗಲಿ ನಿಮ್ಮ ಮನೆಯವರಾಗಲಿ ಸಿಟಿ ಅಥವಾ ಎಂಆರ್‌ಐ ಮಾಡಿಸಿದಾಗ ಫಿಲ್ಮ್ ಮತ್ತು ವರದಿಯನ್ನಷ್ಟೇ ಹಿಡಿದು ಮನೆಗೆ ಬರಬೇಡಿ, ಮೂಲ ಅಂಕಿಗಳನ್ನು ಹೊತ್ತ ಡೈಕಾಮ್ ಕಡತಗಳಿರುವ ಸಿಡಿಯನ್ನೂ ಕೇಳಿ ಪಡೆಯಿರಿ. ಫಿಲ್ಮಿನಿಂದ ಮೂರು ಆಯಾಮದ ಚಿತ್ರವನ್ನು ಮತ್ತೆ ಕಟ್ಟಲು ಬರುವುದಿಲ್ಲ. ಆ ಕಡತಗಳಿದ್ದರೆ, ಎಷ್ಟು ವರ್ಷದ ಮೇಲಾದರೂ ಇನ್ನೊಬ್ಬ ವೈದ್ಯರು ಆ ಚಿತ್ರವನ್ನು ತಮ್ಮ ಪರದೆಯ ಮೇಲೆ ತಿರುಗಿಸಿ ನೋಡಬಹುದು.